ಒಂದು ಗೇಣು ಟೇಪು

ಕ್ಯಾಸೆಟ್
ಗಂಜಾಂ, ಶ್ರೀರಂಗಪಟ್ಟಣ
6 ಫೆಬ್ರವರಿ 1998

…ಅಯ್ಯೋ, ತಪ್ಪಾಯ್ತು ಕಣವ್ವ ಸುಧಿ, ಮತ್ತೆ ಮೊದ್ಲಿಂದ ಶುರು ಮಾಡ್ತಿವ್ನಿ, ಬೇಜಾರ್ ಮಾಡ್ಕಬ್ಯಾಡ. ಅರ್ಧ ಗಂಟೆ ಮಾತಾಡಿದ್ದೆ. ನೋಡುದ್ರೆ ಕೆಂಪು ಗುಂಡಿ ಒತ್ತೇ ಇಲ್ಲ. ಊರೋರ ರೇಡಿಯೋ, ಟೇಪ್‌ರೆಕಾರ್ಡರೆಲ್ಲ ರಿಪೇರಿ ಮಾಡೋನು ಇಂಗ್ ಮಾಡ್ಕಂಡ ಅಂತ ನಿಮ್ಮತ್ತಿಗೆ ಸೋಮಿ ನಗ್ತಾ ಅವ್ಳೆ. ಐವತ್ತು ತುಂಬ್ತು ನೋಡು, ಕೈ ಒಂದ್ಕಡೆ ಬುದ್ಧಿ ಒಂದ್ಕಡೆ.

ಬರಿಯೋಕೆ ಕುಂತ್ರೆ ನಂಗೆ ನಾಕು ಸಾಲಿಗೆ ಎಲ್ಲ ಮುಗ್ದೋಯ್ತದೆ. ಅದ್ಕೇ ಕ್ಯಾಸೆಟ್ಟು. ನೀನು ಮಾತ್ರ ಕಾಗದದಲ್ಲೇ ಬರಿ, ನಿನ್ನ ಅಕ್ಷರ ನೋಡುದ್ರೆ ಅವ್ವಂಗೆ ಖುಷಿ. ಓದೋಕೆ ಬರ್ದಿದ್ರೂ ಬೆರಳಾಡಿಸ್ತಾಳೆ.

ವಿಷ್ಯ ಏನಪ್ಪ ಅಂದ್ರೆ, ಪಾಂಡವಪುರದಲ್ಲಿ ರವೀಂದ್ರ ಅಂತ ಒಬ್ಬವ್ನೆ, ಕಂಪ್ಯೂಟರ್ ಕಲಿಸ್ತಾನೆ. ಅವನ ಹಳೇ ಪೆಟ್ಟಿಗೆ ಒಂದ್ನ ತಂದ್ಬುಟ್ಟಿವ್ನಿ. ಟೆಲಿಫೋನ್ ವಯರು ಅದಕ್ಕೆ ಸಿಗಿಸಿ ಮೈಸೂರು ನಂಬರಿಗೆ ತಿರುಗಿಸುದ್ರೆ ಕೊಯ್ಯೋ ಅಂತ ಕೂಗಿ ಇಂಟರ್ನೆಟ್ ಬರ್ತದೆ. ಅದರೊಳಗೆ ಮಾತಾಡ್ಬೋದಂತೆ ಕಣವ್ವ! ಬೋಟ್ಸ್ವಾನಾಗೇ! ನೀನೂ ಲೋಕೇಶನೂ ಅಲ್ಲಿ ಇಸ್ಕೂಲಲ್ಲಿ ಪಾಠ ಮಾಡೋಕೆ ಓಗಿ ಎಂಟು ವರ್ಷ ಆಯ್ತು, ಮೂರು ನಿಮಿಷದ ಮೇಲೆ ಒಂದಿನಾನಾದ್ರೂ ಮಾತಾಡಿದೀವಾ? ಫೋನ್ ಎತ್ತಿದ ತಕ್ಷಣ 'ಚೆನ್ನಾಗಿದೀರಾ, ಚೆನ್ನಾಗಿದೀವಿ, ಇಡ್ಲಾ'. ಅಷ್ಟೇ. ಇಂಗ್ ಮಾತಾಡೋದು ನಮ್ ದೇಶದಲ್ಲಿ ಕಾನೂನಿಗೆ ಸರಿಯಿಲ್ವಂತೆ, ರವೀಂದ್ರ ಹೆದರುಸ್ದ. ಅವ್ವ ಮಗಳಿಗೆ ಎಮ್ಮೆ ಕತೆ ಹೇಳೋಕೆ ಏನ್ಲಾ ಕಾನೂನು ಅಂದೆ.

ಮೈಕು ನಾನೇ ಮಾಡಿದೀನಿ, ಹಳೇ ಟೆಲಿಫೋನಿನ ಬಾಯಿ ಬಿಚ್ಚಿ. ಒಂದು ವಯರು ಟೇಪ್‌ರೆಕಾರ್ಡರಿಗೂ ಎಳ್ದಿವ್ನಿ, ನೀನು ಮಾತಾಡಿದ್ದೆಲ್ಲ ರೆಕಾರ್ಡಾಗ್ತದೆ. ಲೋಕೇಶಂಗೆ ಯೋಳು, ನಿಮ್ ಇಸ್ಕೂಲ್ ಕಂಪ್ಯೂಟರ್ ರೂಮಿನ ಬೀಗದ ಕೈ ಇಸ್ಕಳ್ಳಿ. ಮಾರ್ಚ್ ಎಂಟು, ಭಾನುವಾರ, ನಮಗೆ ಸಂಜೆ ನಾಕು, ನಿಮಗೆ ಮಧ್ಯಾಹ್ನ ಹನ್ನೆರಡೂವರೆ. ಅಲ್ಲಿಂದ ಮುಂದೆ ಪ್ರತಿ ಭಾನುವಾರ.

ಒಂದು ಮಾತು ಮಾತ್ರ ಗ್ಯಾಪ್ಕ ಮಡಿಕೊ. ಇದ್ರಲ್ಲಿ ಮಾತು ತಡವಾಗಿ ಬರ್ತದೆ. ನಾನು ಈಗ ಅಂದಿದ್ದು ನಿಂಗೆ ಆಮೇಲೆ, ನೀನು ಅಂದಿದ್ದು ನಂಗೆ ಇನ್ನೂ ಆಮೇಲೆ. ಅದ್ಕೇ ಒಂದು ಮಾತು ಕೇಳು, ಬಾಯ್ ಮುಚ್ಕಂಡು ಐದು ಎಣಿಸು, ಆಮೇಲೆ ಬಂದ ಉತ್ರಾನೇ ಉತ್ರ. ಎಣಿಸ್ದೆ ಇದ್ರೆ ಇದರ ಉತ್ರ ಅದಕ್ಕೆ ಅಂಟ್ಕಂಡು ಎಲ್ಲ ಕಲಸ್ಕೊಂಡೋಯ್ತದೆ.

ಅವ್ವ ಇಲ್ಲೇ ಕುಂತವ್ಳೆ. ಏನವ್ವ? 'ಆ ಪೆಟ್ಟಿಗೆಗೆ ಕತೆ ಹೇಳುದ್ರೆ ಊಂ ಅನ್ನೋರು ಯಾರ್ಲಾ?' ಅಂತಾವ್ಳೆ. ಏ ಅವ್ವ, ನಿನ್ನ ಮಗಳೇ ಅಂತಾಳೆ. ಅಲ್ಲೆಲ್ಲೋ ಕುಂತು ಊಂ ಅಂತಾಳೆ, ಇಲ್ಲಿಗೆ ಬರ್ತದೆ.


ಗಬರೋನ್, ಬೋಟ್ಸ್ವಾನಾ
9 ಮಾರ್ಚ್ 1998

ಪ್ರೀತಿಯ ಅಣ್ಣಯ್ಯನಿಗೆ,

ನಿನ್ನೆಯಿಂದ ನಾನು ಯಾವ ಕೆಲಸವನ್ನೂ ಸರಿಯಾಗಿ ಮಾಡಿಲ್ಲ. ತರಗತಿಯಲ್ಲಿ ಭಾಗಾಕಾರದ ಲೆಕ್ಕ ಬರೆದು ಗುಣಾಕಾರ ಮಾಡಿದೆ. ಮಕ್ಕಳು ನಕ್ಕವು.

ಅವ್ವನ ದನಿ ಬಾವಿಯೊಳಗಿಂದ ಬಂದಂತಿತ್ತು, ಆದರೂ ಅವ್ವನದೇ. ನಾನು ನಮಸ್ಕಾರ ಹೇಳುವ ಮೊದಲೇ ಎಮ್ಮೆ ಕಥೆ ಶುರು ಮಾಡಿಬಿಟ್ಟಳಲ್ಲ! ಮದುವೆಯಾಗಿ ದೇವಲಾಪುರದಿಂದ ಗಂಜಾಮಿಗೆ ಬಂದ ಮೂರನೆಯ ದಿನ, ತವರಿನಿಂದ ಕೊಟ್ಟ ಎಮ್ಮೆ ಹಗ್ಗ ಕಿತ್ತುಕೊಂಡು ಹೊಳೆಗೆ ಇಳಿದ ಕಥೆ. ಚಿಕ್ಕಂದಿನಲ್ಲಿ ನಾವಿಬ್ಬರೂ ಅವಳ ಎರಡು ಪಕ್ಕದಲ್ಲಿ ಮಲಗಿ ಊಂಗುಟ್ಟಬೇಕಿತ್ತು. ನಿದ್ದೆ ಬಂದು ಸುಮ್ಮನಾದರೆ ಅವ್ವ ಕಥೆ ನಿಲ್ಲಿಸಿ, 'ಊಂ ಅನ್ರೋ, ಎಮ್ಮೆ ನಡುನೀರಲ್ಲೇ ನಿಂತದೆ' ಎನ್ನುತ್ತಿದ್ದಳು. ಪಾಪ, ಎಮ್ಮೆ ನಿಲ್ಲಬಾರದು ಎಂದು ನಾನು ಕಣ್ಣು ಮುಚ್ಚಿಕೊಂಡೇ ಊಂ ಅನ್ನುತ್ತಿದ್ದೆ. ನೀನು ಹಾಗಲ್ಲ. ನಿನಗೆ ನಿದ್ದೆಯೇ ಮುಖ್ಯ.

ನಿನ್ನೆಯೂ ಅದೇ ಆಯಿತು. ನಾನು ಊಂ ಎಂದರೂ ಅದು ನಿಮ್ಮನ್ನು ಮುಟ್ಟುವುದು ತಡ. ಅಷ್ಟರಲ್ಲಿ ಅವ್ವ, 'ಆಫ್ರಿಕಾಕ್ಕೋಗಿ ಊಂ ಅನ್ನೋದ್ನೂ ಮರ್ತ್ಲಾ ಇವ್ಳು?' ಎಂದು ಬೈದಳು. ಆಮೇಲೆ ನಾನೊಂದು ಉಪಾಯ ಮಾಡಿದೆ. ಕಾಯುವುದನ್ನು ಬಿಟ್ಟು, ಅವಳು ಮಾತಾಡುತ್ತಿರುವಾಗ ಉದ್ದಕ್ಕೂ ಊಂ, ಊಂ ಎನ್ನುತ್ತಲೇ ಹೋದೆ. ಎಮ್ಮೆ ಹೊಳೆ ದಾಟಿತು, ಪಾಂಡವಪುರ ದಾಟಿತು, ಬೆಳಗಾಗುವ ಹೊತ್ತಿಗೆ ದೇವಲಾಪುರದ ಮನೆ ಮುಂದೆ ನಿಂತು ಕೂಗಿತು. ಅಜ್ಜಿ ಬಾಗಿಲು ತೆಗೆದು ಎಮ್ಮೆಯನ್ನು ನೋಡಲಿಲ್ಲ, ಎಮ್ಮೆಯ ಹಿಂದೆ ಮಗಳು ಬಂದಿದ್ದಾಳೇನೋ ಎಂದು ದಾರಿ ನೋಡಿದಳು. ಅಲ್ಲಿಗೆ ಬಂದಾಗ ನನಗೆ ಊಂ ಎನ್ನಲು ಆಗಲಿಲ್ಲ. ಆದರೆ ಮೊದಲೇ ಅಂದಿದ್ದ ಊಂ ದಾರಿಯಲ್ಲಿತ್ತಲ್ಲ, ಅದು ಬಂದು ತಲುಪಿತಂತೆ. ಅವ್ವ ಸಮಾಧಾನದಿಂದ ಕಥೆ ಮುಗಿಸಿದಳು.

ನಡುನಡುವೆ ಅವ್ವ ಕೆಮ್ಮುತ್ತಿದ್ದಳು. ಏನು ಅಣ್ಣಯ್ಯ ಅದು? ನಿಜ ಬರೆ. ಅಲ್ಲ, ನಿಜ ಹೇಳು.

ನಿನ್ನ ತಂಗಿ,
ಸುಧ


ಕ್ಯಾಸೆಟ್
ಗಂಜಾಂ
20 ಜೂನ್ 1998

ಸುಧಿ, ಎರಡು ಭಾನುವಾರ ಸಿಕ್ಕಿಲ್ಲ ಅಂತ ಗಾಬ್ರಿ ಆಗ್ಬ್ಯಾಡ. ಲೈನು ಸರಿಯಿರ್ಲಿಲ್ಲ ಅಷ್ಟೇಯ. ಈಗ ಸರಿ ಹೋಗದೆ.

ಅವ್ವ ಸೆಂದಾಕವ್ಳೆ. ಕೆಮ್ಮು ಇತ್ತು, ಮಳೆಗಾಲ ಅಲ್ವಾ, ಡಾಕ್ಟ್ರು ಶುಂಠಿ ಕಷಾಯ ಕುಡೀರಿ ಅಂದ್ರು. ನೀನು ರಜಾ ಹಾಕ್ಬೇಕಾ, ಬರ್ಬೇಕಾ ಅಂತ ಕೇಳ್ದೆಯಲ್ಲ ಓದ್ಸಲ, ಏನೂ ಬ್ಯಾಡ. ಡಿಸೆಂಬರಿನಲ್ಲಿ ಎಂಗೂ ಬರ್ತೀಯ. ಅಷ್ಟು ದೂರದಿಂದ ಬಂದು ನೋಡುದ್ರೆ ಅವ್ವ ಹಿತ್ತಲಲ್ಲಿ ಸೌದೆ ಒಡೀತಾ ಕುಂತಿದ್ರೆ ನನ್ನೇ ಬೈತೀಯ.

ಮೈಕಿಗೆ ಸ್ಪಂಜು ಕಟ್ಟಿವ್ನಿ, ಈಗ ಉಸಿರಿನ ಸದ್ದು ಬರಾಕಿಲ್ಲ. ದೇವಲಾಪುರದಿಂದ ದ್ಯಾವಯ್ಯ ಮಾವ ಬಂದಿದ್ದ, ಅಕ್ಕನ್ನ ನೋಡ್ಕಂಡ್ ಓಗೋಕೆ ಅಂತ. ಪೆಟ್ಟಿಗೆ ಮುಂದೆ ಕೂರಿಸ್ದೆ. 'ಲೇ ಚಿಕ್ಕಸ್ವಾಮಿ, ಈ ಸುಡುಗಾಡು ಪೆಟ್ಟಿಗೆ ಬುಟ್ಟು ಎರಡು ಹಸ ಕಟ್ಲಾ, ಡೈರಿಗೆ ಹಾಲಾದ್ರೂ ಹಾಕ್ಬೋದು' ಅಂದ. ಹಸ ಬೋಟ್ಸ್ವಾನಾಕ್ಕೆ ಕೇಳೋಂಗೆ ಕೂಗ್ತದಾ ಮಾವ ಅಂದೆ. ಅವ್ವ ನಕ್ಕು ನಕ್ಕು… ಊಂ. ಆಮೇಲೆ ಮಲಿಕಂಡ್ಳು.

ಇನ್ನೇನಿಲ್ಲ ಕಣವ್ವ. ಭಾನುವಾರ ನಾಕಕ್ಕೆ.


ಗಬರೋನ್
30 ಆಗಸ್ಟ್ 1998

ಅಣ್ಣನಿಗೆ,

ಅವ್ವ ತೀರಿಕೊಂಡು ಇಂದಿಗೆ ಎರಡು ವಾರ. ಹನ್ನೊಂದನೆಯ ದಿನದ ತಿಥಿಯೂ ಮುಗಿದಿರಬೇಕು. ನನಗೆ ಯಾರೂ ಹೇಳಿಲ್ಲ, ನಾನೇ ಲೆಕ್ಕ ಹಾಕಿಕೊಂಡೆ.

ಹದಿನಾರನೆಯ ತಾರೀಕು, ಭಾನುವಾರ, ಯಾವಾಗಿನಂತೆ ಹನ್ನೆರಡೂವರೆಗೆ ಶಾಲೆಯ ಕಂಪ್ಯೂಟರ್ ಮುಂದೆ ಕೂತೆ. ಅವ್ವ ಹೋದಳೆಂದು ನೀನು ಹೇಳಿದೆ. ಬೆಳಿಗ್ಗೆ ಒಂಬತ್ತಕ್ಕೆ ಎಂದೆ. ಇನ್ನೂ ಏನೋ ಹೇಳುತ್ತಿದ್ದೆ. ಲೈನು ಸತ್ತಿತು. 'ಕಾಯಿರಿ, ನಾನು ಬರುತ್ತೇನೆ' ಎಂದು ಕೂಗಿದೆ. ಕೇಳಿಸಿತೋ ಇಲ್ಲವೋ ಎಂದು ಶಾಲೆಯ ಆಫೀಸು ತೆಗೆಸಿ ನಿನ್ನ ಮನೆಗೆ ಫೋನ್ ಮಾಡಿದೆ. ಹನ್ನೊಂದು ಸಲ. ಹನ್ನೊಂದು ಸಲವೂ ಎಂಗೇಜ್.

ನಮ್ಮ ಮನೆಯವರು ಓಡಾಡಿ ಟಿಕೆಟ್ ಹೊಂದಿಸಿದರು. ಸೋಮವಾರ ಜೊಹಾನ್ಸ್‌ಬರ್ಗ್ ವಿಮಾನ ನಿಲ್ದಾಣದಿಂದ ಮತ್ತೆ ಫೋನ್ ಮಾಡಿದೆ. ಅತ್ತಿಗೆ ಎತ್ತಿಕೊಂಡು, 'ನೆನ್ನೆ ಸಾಯಂಕಾಲ್ವೇ ಮಣ್ಣು ಮಾಡಿದ್ರು ಕಣಮ್ಮ' ಎಂದರು. ನಾನು ಅಲ್ಲಿಂದಲೇ ಹಿಂದಿರುಗಿದೆ. ಬರುವುದಕ್ಕೆ ಇನ್ನೇನು ಉಳಿದಿತ್ತು?

ಒಂದು ದಿನ, ಒಂದೂವರೆ ದಿನ. ಮೈಸೂರಿನಲ್ಲಿ ಮಂಜುಗಡ್ಡೆ ಸಿಗುತ್ತಿರಲಿಲ್ಲವೇ? ಮುಖ ನೋಡಿ, ಒಂದು ಹಿಡಿ ಮಣ್ಣು ಹಾಕುವುದಕ್ಕಾದರೂ ಮಗಳನ್ನು ಕೇಳಬೇಕು ಎನ್ನಿಸಲಿಲ್ಲವೇ?

ಇನ್ನು ಕ್ಯಾಸೆಟ್ ಕಳಿಸಬೇಡ. ಭಾನುವಾರ ನಾನು ಶಾಲೆಗೆ ಹೋಗುವುದಿಲ್ಲ.

ಸುಧ


ಕ್ಯಾಸೆಟ್
ಗಂಜಾಂ
4 ಅಕ್ಟೋಬರ್ 1998

ಕಳಿಸಬ್ಯಾಡ ಅಂದಿದೀಯ. ಕಳಿಸ್ತೀನಿ. ಕೇಳೋದು ಬುಡೋದು ನಿಂಗೆ ಬುಟ್ಟಿದ್ದು.

ಕೇಳ್ಲಿಲ್ಲ ಅಂತೀಯಲ್ಲ ಸುಧ, ಕೇಳ್ದೆ. ನೀನು ಊಂ ಅಂದೆ. ನಡುಮನೆ ತುಂಬ ಜನ ಇದ್ರು. ನಾನು ಮೈಕ್ ಹಿಡ್ಕಂಡು, 'ಸಂಜೆ ಒಳ್ಗೆ ಮಣ್ಣು ಮಾಡ್ಬುಡವಾ ಕಣವ್ವ?' ಅಂದೆ. ಊಂ ಅಂದೆ ನೀನು. ನಾನೊಬ್ಬನೇ ಅಲ್ಲ, ದ್ಯಾವಯ್ಯ ಮಾವ ಕೇಳಿಸ್ಕಂಡ, ಬಾಗ್ಲಲ್ಲಿ ನಿಂತಿದ್ದೋರೆಲ್ಲ ಕೇಳಿಸ್ಕಂಡ್ರು. 'ಮಗಳೂ ಒಪ್ಪುದ್ಲಲ್ಲ, ಏಳ್ರಪ್ಪ' ಅಂದ ಮಾವ. ಅದಾದ್ಮೇಲೇ ನಾವು ಎತ್ತಿದ್ದು.

ಬೆಳಿಗ್ಗೆಯಿಂದ ನಿಮ್ ಇಸ್ಕೂಲಿಗೆ ನಾಕು ಸಲ ಫೋನ್ ಮಾಡ್ದೆ, ಭಾನುವಾರ, ಯಾರೂ ಎತ್ತಲಿಲ್ಲ. ನಿಮ್ಮನೇಲಿ ಫೋನಿಲ್ಲ. ನಾಕು ಗಂಟೆವರ್ಗೂ ನಿಂಗೋಸ್ಕರ ಕಾದಿದ್ದು ಕಣೇ ಊರೆಲ್ಲ! ಮೇಲ್ಗಡೆ ಕಟ್ಟೆಯಿಂದ ನೀರು ಬುಟ್ಟಿದ್ರು, ಹೊಳೆ ಏರ್ತಾ ಇತ್ತು. ಗದ್ದೆ ಬದೀಲಿ ಅಪ್ಪನ ಪಕ್ಕ ತೋಡಿದ ಗುಂಡೀಲಿ ನೀರು ಜಿನುಗ್ತಿತ್ತು. ಇನ್ನೊಂದು ರಾತ್ರಿ ಕಳುದ್ರೆ ಅಪ್ಪನ ಪಕ್ಕ ಜಾಗಾನೇ ಇರ್ತಿರ್ಲಿಲ್ಲ. ನಿಂಗದು ಗೊತ್ತಾ? ಎಂಟು ವರ್ಷದಲ್ಲಿ ಎರಡು ಸಲ ಬಂದೋಳು ನೀನು. ಅವ್ವನ ಕೈ ಕಾಲು ತೊಳೆದೋಳು ಸೋಮಿ. ಊಂ ಅಂದ್ಬುಟ್ಟು, ಆಮೇಲೆ ನನ್ನ ಕೇಳ್ಲಿಲ್ಲ ಅಂತ ಬರ್ದಿದೀಯ. ಯಾವ ಬಾಯಲ್ಲಿ ಊಂ ಅಂದೆ, ಯಾವ ಕೈಲಿ ಇದ ಬರ್ದೆ?

ಅಷ್ಟೇ. ಇನ್ನೊಂದು ಕಡೆ ಖಾಲಿ ಅದೆ. ಇರ್ಲಿ.


ಗಬರೋನ್
8 ನವೆಂಬರ್ 1998

ಅಣ್ಣಯ್ಯನಿಗೆ,

ಕ್ಯಾಸೆಟ್ ಕೇಳಬಾರದೆಂದು ಎಂಟು ದಿನ ಬೀರುವಿನಲ್ಲಿ ಇಟ್ಟಿದ್ದೆ. ಕೇಳಿದೆ. ಕೇಳಿದ ಮೇಲೆ ಮೂರು ದಿನ ಶಾಲೆಗೆ ಹೋಗಲಾಗಲಿಲ್ಲ.

ನಾನು ಊಂ ಅಂದದ್ದು ನಿಜ. ಎಷ್ಟು ಸಲ ಅಂದೆನೋ ಗೊತ್ತಿಲ್ಲ. ನೀನು ಅವ್ವ ಹೋದಳೆಂದೆ, ನಾನು ಊಂ ಎಂದೆ. ರಾತ್ರಿ ಚೆನ್ನಾಗಿ ಮಲಗಿದ್ದಳೆಂದೆ, ಊಂ ಎಂದೆ. ಅತ್ತಿಗೆ ಕಾಫಿ ಕೊಟ್ಟರೆಂದೆ. ನನಗೆ ಬೇರೆ ಏನು ಅನ್ನಲು ಬರುತ್ತಿತ್ತು? ನೀನು ಅವ್ವನ ವಿಷಯ ಹೇಳುತ್ತಿದ್ದೆ, ನಾನು ಊಂಗುಟ್ಟುತ್ತಿದ್ದೆ. ನಿಲ್ಲಿಸಿದರೆ ನೀನೂ ನಿಲ್ಲಿಸಿಬಿಡುತ್ತೀಯ ಎಂದು ಹೆದರಿದ್ದೆ.

ಮಣ್ಣಿನ ಮಾತು ನನ್ನ ಕಿವಿಗೆ ಬೀಳಲೇ ಇಲ್ಲ ಅಣ್ಣಯ್ಯ. ನಾನು ಕೇಳಿದ ಕೊನೆಯ ಮಾತು, 'ಸುಧಿ ಅಂತ ನಿನ್ನ ಹೆಸರು ಹಿಡಿದು ಕರುದ್ಲು'. ಆಮೇಲೆ ಬರೀ ಗರಗರ. ಆಮೇಲೆ ಏನೂ ಇಲ್ಲ.

ನನ್ನ ಒಪ್ಪಿಗೆಯ ಮೇಲೆ ಎತ್ತಿದಿರಿ ಎಂಬುದು ನನಗೆ ಈವರೆಗೆ ಗೊತ್ತಿರಲಿಲ್ಲ. ಗೊತ್ತಾಗದಿದ್ದರೇ ಚೆನ್ನಾಗಿತ್ತು. ಇಷ್ಟು ದಿನ ನಿನ್ನ ಮೇಲೆ ಸಿಟ್ಟಿತ್ತು. ಈಗ ನನ್ನ ಬಾಯಿಂದಲೇ ಅವ್ವನನ್ನು ಕಳಿಸಿಕೊಟ್ಟಂತಾಯಿತು.

ತರಗತಿಯಲ್ಲಿ ಮಕ್ಕಳು ಓದಿ ಒಪ್ಪಿಸುವಾಗ ನಾನೀಗ ಊಂ ಅನ್ನುವುದಿಲ್ಲ. ಬಾಯಿ ಬಿಗಿಹಿಡಿದು ಕೂರುತ್ತೇನೆ. 'ಟೀಚರ್, ಕೇಳಿಸಿಕೊಳ್ಳುತ್ತಿದ್ದೀರಾ?' ಎನ್ನುತ್ತವೆ.

ಸುಧ


ಕ್ಯಾಸೆಟ್
ಗಂಜಾಂ
17 ಜನವರಿ 1999

ಸುಧಿ… ಇದು ಐದನೇ ಸಲ. ನಾಕು ಸಲ ಅಳಿಸ್ದೆ.

ಭಾನುವಾರದ ಮಾತೆಲ್ಲ ರೆಕಾರ್ಡ್ ಆಗ್ತವೆ ಅಂದಿದ್ನಲ್ಲ. ಅವತ್ತಿಂದೂ ಆಗಿತ್ತು. ಅಭ್ಯಾಸದ ಮೇಲೆ ಕೈ ತಾನೇ ಗುಂಡಿ ಒತ್ತಿತ್ತು. ಆ ಕ್ಯಾಸೆಟ್ನ ಅವ್ವನ ಎಲೆಅಡಕೆ ಡಬ್ಬೀಲಿ ಮಡಗಿದ್ದೆ, ಮುಟ್ಟಿರ್ಲಿಲ್ಲ. ನಿನ್ ಕಾಗದ ಬಂದ್ಮೇಲೂ ಮುಟ್ಲಿಲ್ಲ. ಸಂಕ್ರಾಂತಿ ದಿವ್ಸ ಸೋಮಿ ದೇವಸ್ಥಾನಕ್ಕೋಗಿದ್ಲು, ಬಾಗ್ಲಾಕ್ಕೊಂಡು ಕೇಳ್ದೆ.

ಸೆಕೆಂಡಿನ ಮುಳ್ಳಿರೋ ವಾಚು ಮುಂದೆ ಮಡಿಕೊಂಡು ಕೇಳ್ದೆ ಕಣವ್ವ. ಟೇಪಿನ ಮೊದಲಲ್ಲಿ ನಾನು 'ಸುಧಿ, ಕೇಳಿಸ್ತದಾ?' ಅಂತೀನಿ. ಐದು ಸೆಕೆಂಡ್ ಆದ್ಮೇಲೆ 'ಕೇಳಿಸ್ತಿದೆ ಅಣ್ಣಯ್ಯ' ಅಂತೀಯ. ಎಲ್ಲಾ ಕಡೆ ಐದೇ. ನಾನೇ ನಿಂಗೆ ಹೇಳಿಕೊಟ್ಟಿದ್ದ ಐದು.

ಆಮೇಲೆ ಅದು ಬರ್ತದೆ. 'ಕಾಫಿ ಕುಡುದ್ಲು, ಲೋಟ ಕೆಳಗಿಟ್ಲು, ಸುಧಿ ಅಂತ ನಿನ್ನ ಹೆಸರು ಹಿಡಿದು ಕರುದ್ಲು' ಅಂತೀನಿ. ದ್ಯಾವಯ್ಯ ಮಾವ ಹಿಂದ್ಗಡೆಯಿಂದ 'ಕೇಳ್ಲಾ ಬೇಗ, ಹೊತ್ತು ಮುಳುಗ್ತದೆ' ಅಂತಾನೆ. ನಾನು ಉಸಿರು ತಗಳ್ದೆ 'ಸಂಜೆ ಒಳ್ಗೆ ಮಣ್ಣು ಮಾಡ್ಬುಡವಾ ಕಣವ್ವ?' ಅಂತೀನಿ. ಅಂದ ತಕ್ಷಣ ನಿನ್ನ ಊಂ. ಎಣಿಸೋಕೆ ಒಂದು ಸೆಕೆಂಡೂ ಇಲ್ಲ ಸುಧಿ. ಒಂದೂ ಇಲ್ಲ. ಐದು ಹಿಂದಕ್ಕೆ ಎಣಿಸ್ದೆ. ನೀನು ಊಂ ಅಂದಿದ್ದು ಮಣ್ಣಿಗಲ್ಲ. ಅವ್ವ ನಿನ್ನ ಕರೆದ್ಲಲ್ಲ, ಅದಕ್ಕೆ. ಅವ್ವ ಕರುದ್ಲು, ನೀನು ಊಂ ಅಂದೆ. ನಾನು ಅದ ತಗಂಡೋಗಿ ಗುಂಡಿಗೆ ಹಾಕ್ಬುಟ್ಟೆ.

ಪ್ರಪಂಚದಲ್ಲಿ ಯಾರಿಗೆ ಗೊತ್ತಿಲ್ದಿದ್ರೂ ನಂಗೆ ಗೊತ್ತಿರ್ಬೇಕಿತ್ತು. ಪೆಟ್ಟಿಗೆ ಕಟ್ಟಿದೋನು ನಾನು. ಎಣಿಸು ಅಂದೋನು ನಾನು. ಅವತ್ತು ನಂಗೆ ಊಂ ಬೇಕಿತ್ತು ಕಣವ್ವ, ಅದ್ಕೇ ಎಣಿಸ್ಲಿಲ್ಲ. ಹೊಳೆ ನೋಡಿ ಹೆದರಿಬುಟ್ಟಿದ್ದೆ. ಯಾರಾದ್ರೂ ಸರಿ ಅನ್ಲಿ ಅಂತ ಕಾಯ್ತಿದ್ದೆ.

ಇನ್ನೊಂದು. ಹನ್ನೊಂದು ಸಲ ಎಂಗೇಜ್ ಬಂತು ಅಂದೆಯಲ್ಲ. ಲೈನ್ ಹೋದ್ಮೇಲೂ ನಾನು ಪೆಟ್ಟಿಗೆ ಆರಿಸ್ಲಿಲ್ಲ. ನೀನು ಮತ್ತೆ ಇದರೊಳಗೇ ಬರ್ತೀಯ ಅಂತ ಹಂಗೇ ಬುಟ್ಟು ಗದ್ದೆಗೋದೆ. ಫೋನಿನ ವಯರು ಪೆಟ್ಟಿಗೇಲೇ ಇತ್ತು. ಅವ್ವನ್ನ ಇಳಿಸಿ, ಹೊಳೇಲಿ ಮುಳುಗಿ, ಒದ್ದೆ ಬಟ್ಟೇಲಿ ಬಂದ್ಮೇಲೇ ಸೋಮಿ ಕಿತ್ತಾಕಿದ್ದು. ನೀನು ಕಾಯಿರಿ ಅಂತ ಬಡ್ಕೋತಿದ್ದಾಗ ನಿನ್ನ ದಾರಿಗೆ ಅಡ್ಡ ಕುಂತಿದ್ದಿದ್ದೂ ನನ್ನ ಪೆಟ್ಟಿಗೇನೇ.

ಜೂನಿಂದೂ ಸುಳ್ಳು. ಲೈನ್ ಕೆಟ್ಟಿರ್ಲಿಲ್ಲ. ಅವ್ವನ್ನ ಮೈಸೂರು ಆಸ್ಪತ್ರೇಲಿ ಮಲಗಿಸಿದ್ದೆ, ಹನ್ನೆರಡು ದಿವ್ಸ. ಹೃದಯ ಊದ್ಕಂಡದೆ, ದೂರದೋರಿದ್ರೆ ಕರೆಸ್ಕಳ್ಳಿ ಅಂತ ಡಾಕ್ಟ್ರು ಬಾಯ್ಬುಟ್ಟು ಹೇಳಿದ್ರು. ನಿಂಗ್ಯಾಕೆ ಭಯ ಬೀಳಿಸೋದು ಅಂತ ಸುಮ್ನಾದೆ. ಇಲ್ಲ, ಅದೂ ಸುಳ್ಳು. ಅವ್ವನ್ನ ನಾನೇ ಸರಿಮಾಡ್ತೀನಿ ಅಂದ್ಕಂಡಿದ್ದೆ. ಕೆಟ್ಟೋಗಿರೋದೆಲ್ಲ ಕೈಗೆ ಸಿಕ್ರೆ ಸರಿಹೋಯ್ತದೆ ಅನ್ನೋ ಕೊಬ್ಬು ನಂಗೆ.

ದೇವಲಾಪುರಕ್ಕೋಗಿ ಮಾವಂಗೂ ಕೇಳಿಸ್ದೆ. ಎರಡು ಸಲ ಕೇಳ್ದ. ಟವಲಲ್ಲಿ ಕಣ್ಣೊರೆಸ್ಕಂಡು, 'ನಂಗೂ ಅವತ್ತೇ ಅನುಮಾನ ಬಂತು ಕಣ್ಲಾ. ಅದು ಒಪ್ಪೋ ಊಂ ಆಗಿರ್ಲಿಲ್ಲ, ಅಳೋ ಊಂ. ನೀರು ನೋಡಿ ಬಾಯ್ ಮುಚ್ಕಂಡೆ' ಅಂದ.

ತಪ್ಪು ನಿಂದಲ್ಲ ಸುಧಿ. ಇದ ಹೇಳೋಕೆ ಐದು ಸಲ ಶುರು ಮಾಡ್ಬೇಕಾಯ್ತು. ನಿನ್ ಬಾಯಿಂದ ಏನೂ ಆಗಿಲ್ಲ. ಇಸ್ಕೂಲಲ್ಲಿ ಮಕ್ಕಳಿಗೆ ಊಂ ಅನ್ನವ್ವ.


ಗಬರೋನ್
20 ಜೂನ್ 1999

ಅಣ್ಣಯ್ಯನಿಗೆ,

ಐದು ತಿಂಗಳು ಬರೆಯಲಿಲ್ಲ. ಬರೆಯಲು ಕೂತಾಗಲೆಲ್ಲ ನಿನ್ನ ಮೇಲಿನ ಸಿಟ್ಟು ಯಾವುದು, ನನ್ನ ಮೇಲಿನದು ಯಾವುದು ಎಂದು ಗೊತ್ತಾಗುತ್ತಿರಲಿಲ್ಲ.

ಜೂನ್ ತಿಂಗಳ ಸುಳ್ಳು ನನಗೆ ಇನ್ನೂ ಜೀರ್ಣವಾಗಿಲ್ಲ. ಆಗ ಒಂದು ಮಾತು ಹೇಳಿದ್ದರೆ ಅವ್ವನ ಹಾಸಿಗೆಯ ಪಕ್ಕದಲ್ಲಿ ಕೂತು ನಾನೇ ಊಂ ಅನ್ನುತ್ತಿದ್ದೆ. ಕ್ಷಮಿಸಿದೆ ಎಂದು ಬರೆಯಬಹುದು, ಅದು ಬರೀ ಬರವಣಿಗೆಯಾಗುತ್ತದೆ. ಆದ್ದರಿಂದ ಬರೆಯುವುದಿಲ್ಲ.

ವರ್ಷದ ಎಡೆಗೆ ನಾನು ಬರುವುದಿಲ್ಲ. ರಜೆಯಿಲ್ಲ ಎಂದು ಎಲ್ಲರಿಗೂ ಹೇಳು. ನಿನಗೆ ಮಾತ್ರ ನಿಜ ಹೇಳುತ್ತೇನೆ, ಆ ನಡುಮನೆಗೆ ಕಾಲಿಡಲು ನನಗೆ ಧೈರ್ಯವಿಲ್ಲ.

ಒಂದು ಕೇಳಿಕೊಳ್ಳುತ್ತೇನೆ. ಆ ದಿನದ ಕ್ಯಾಸೆಟ್ ನನಗೆ ಕಳಿಸು. ಪೂರ್ತಿ ಬೇಡ. ಅವ್ವ ನನ್ನ ಹೆಸರು ಹಿಡಿದು ಕರೆದಳು ಎನ್ನುತ್ತೀಯಲ್ಲ, ಅಲ್ಲಿಯವರೆಗೆ ಸಾಕು. ಮಣ್ಣಿನ ಮಾತು ಕೇಳಲಾರೆ.

ಸುಧ


ಕ್ಯಾಸೆಟ್
ಗಂಜಾಂ
3 ಸೆಪ್ಟೆಂಬರ್ 1999

ಸುಧಿ, ತಿಥಿ ಲೆಕ್ಕದಲ್ಲಿ ಇವತ್ತು ಅವ್ವನ ವರ್ಷದ ಎಡೆ. ಸೋಮಿ ಒಳಗೆ ಅಡಿಗೆ ಮಾಡ್ತಾವ್ಳೆ, ಹುರಳಿಕಾಳು ಬಸ್ಸಾರು, ಅವ್ವಂಗೆ ಆಗ್ಬೇಕಲ್ಲ ಅದು. ದ್ಯಾವಯ್ಯ ಮಾವ ಜಗಲೀಲಿ ಕುಂತು ಬಂದೋರಿಗೆಲ್ಲ 'ರಜಾ ಸಿಗ್ಲಿಲ್ವಂತೆ ಮಗೀಗೆ' ಅಂತಾವ್ನೆ. ಅವಂಗೆ ನಾನು ನಿಜ ಹೇಳಿಲ್ಲ. ಅವನೂ ಕೇಳಿಲ್ಲ.

ಪೆಟ್ಟಿಗೆ ರವೀಂದ್ರಂಗೆ ವಾಪಸ್ ಕೊಟ್ಟೆ. ಕೈ ನೋಡು, ಸುಮ್ನಿರಾಕಿಲ್ಲ, ಭಾನುವಾರ ನಾಕಾದ್ರೆ ಆ ಖಾಲಿ ಮೇಜು ಒರೆಸ್ತದೆ.

ಈ ಕ್ಯಾಸೆಟ್ ಜೊತೆ ಇನ್ನೊಂದು ಕಳಿಸ್ತಿವ್ನಿ. ನೀನು ಕೇಳಿದ್ದು. ಅದ ಮಾಡೋಕೆ ಎರಡು ತಿಂಗಳು ಹಿಡೀತು. ಕೆಲಸ ಅರ್ಧ ಗಂಟೇದು, ಬ್ಲೇಡು ಹಿಡಿಯೋಕೆ ಎರಡು ತಿಂಗಳು.

'ಕರುದ್ಲು' ಅನ್ನೋ ಕಡೆ ನಿಲ್ಲಿಸಿ ಪೆನ್ನಲ್ಲಿ ಗುರುತು ಹಾಕ್ದೆ. ಅಲ್ಲಿಗೇ ಕತ್ತರಿಸಿ ಕಳಿಸ್ಬೋದಿತ್ತು. ಆಮೇಲೆ ಅನ್ನಿಸ್ತು, ನಿನ್ನ ಊಂ ಅದರಿಂದಾಚೆ ಉಳ್ಕೋತದಲ್ಲ, ಮಣ್ಣಿನ ಮಾತಿನ ಬಾಲದಲ್ಲಿ. ಅಲ್ಲಿ ಅದನ್ನ ಎಂಗವ್ವ ಬುಡ್ಲಿ? ಅದಕ್ಕೆ ಊಂ ಶುರುವಾಗೋ ಕಡೆ ಇನ್ನೊಂದು ಗುರುತು ಹಾಕ್ದೆ. ಎರಡು ಗುರುತಿನ ನಡುವೆ ಎಷ್ಟಿತ್ತು ಗೊತ್ತಾ? ಐದು ಸೆಕೆಂಡು ಅಂದ್ರೆ ಕ್ಯಾಸೆಟ್ಟಿನಲ್ಲಿ ಒಂದು ಗೇಣು. ಮೇಜಿನ ಮೇಲೆ ಮಡಗಿ ಕೈ ಹರಡಿ ಅಳೆದೆ. ಹೆಬ್ಬೆರಳಿಂದ ಕಿರುಬೆರಳಿಗೆ ಸರಿಯಾಗಿ ಒಂದು ಗೇಣು. ಅಷ್ಟೇ ಸುಧಿ ನಿನಗೂ ಅವ್ವನಿಗೂ ನಡುವೆ ನಾನು ತಂದಾಕಿದ್ದು.

ಆ ಗೇಣು ತೆಗೆದ್ಬುಟ್ಟು ಈ ತುದಿ ಆ ತುದಿ ಅಂಟಿಸ್ದೆ. ಈಗ ಕೇಳು. ಅವ್ವ ನಿನ್ನ ಹೆಸರು ಹಿಡಿದು ಕರುದ್ಲು ಅಂತೀನಿ, ತಕ್ಷಣ ನಿನ್ನ ಊಂ. ಅದರ ಜಾಗಕ್ಕೆ ಅದು ಸೇರ್ಕತು. ಅಂಟಿಸಿದ ಕಡೆ ಟಕ್ ಅಂತ ಸಣ್ಣ ಸದ್ದು ಬರ್ತದೆ, ಅದ್ನ ತೆಗೆಯೋಕೆ ನನ್ ಕೈಲಿ ಆಗ್ಲಿಲ್ಲ.

ತೆಗೆದ ತುಂಡು ಬಿಸಾಕಿಲ್ಲ. ಅದು ನಂದು. ಅವ್ವನ ಎಲೆಅಡಕೆ ಡಬ್ಬೀಲಿ ಸುತ್ತಿ ಮಡಗಿವ್ನಿ.

ಬಾ ಅಂತ ಕರೆಯೋಕೆ ನಂಗೆ ಬಾಯಿಲ್ಲ. ಇನ್ನು ಯಾವ ಪ್ರಶ್ನೇನೂ ನಿನ್ನ ಕೇಳಾಕಿಲ್ಲ. ಸುಮ್ನೆ ಅವ್ವನ ಕತೆ ಹೇಳ್ತೀನಿ, ಅವ್ಳು ಹೇಳ್ದಂಗೇ. ನಡುನಡುವೆ ಜಾಗ ಬುಡ್ತೀನಿ. ನೀನು ಅಲ್ಲೇ ಊಂ ಅಂದ್ಕೊ. ನಂಗೆ ಕೇಳಿಸೋದೇನೂ ಬ್ಯಾಡ.

ದೇವಲಾಪುರದಿಂದ ಒಬ್ಳು ಹೆಣ್ಮಗಳು ಗಂಜಾಮಿಗೆ ಮದ್ವೆ ಆಗಿ ಬಂದ್ಲಂತೆ…

…

ಅವಳ ಜೊತೆ ಒಂದು ಎಮ್ಮೇನೂ ಬಂತಂತೆ. ಹಣೇಲಿ ಬಿಳಿ ಚುಕ್ಕಿ…

…

ಮೂರನೇ ದಿವ್ಸ ಆ ಎಮ್ಮೆ ಹಗ್ಗ ಕಿತ್ಕಂಡು, ಯಾರಿಗೂ ಹೇಳ್ದೆ ಕೇಳ್ದೆ, ಹೊಳೆಗಿಳೀತಂತೆ. ನೀರು ಹೊಟ್ಟೆ ಮುಟ್ತು. ಬೆನ್ನು ಮುಟ್ತು. ಅಲ್ಲಿ ನಿಂತ್ಕಂಡು ಒಂದ್ಸಲ ಹಿಂದಕ್ಕೆ ನೋಡ್ತು, ಒಂದ್ಸಲ ಮುಂದಕ್ಕೆ ನೋಡ್ತು…

…

…

ಒಂದು, ಎರಡು, ಮೂರು, ನಾಕು, ಐದು.

ನಿಂತದೆ ಕಣವ್ವ. ನಡುನೀರಲ್ಲೇ ನಿಂತದೆ. ನಿಂತಿರ್ಲಿ, ನಂಗೇನೂ ಅವಸರ ಇಲ್ಲ. ಈ ಸಲ ನಾನು…

'ಏನ್ರೀ, ಎಡೆ ಇಕ್ಕಾಯ್ತು, ಎಲ್ರೂ ನಿಮಗೇ ಕಾಯ್ತಾವ್ರೆ, ಬನ್ನಿ!'

ಊಂ, ಬಂದೆ ಕಣೇ.

ಸೋಮಿ ಕರೀತಾವ್ಳೆ ಸುಧಿ. ಮಡಗ್ತೀನಿ.